ಆ ಭಾನುವಾರ ಲಾಂಡ್ರಿಯಲ್ಲಿ ಇದ್ದವರು

ಮಾರ್ಚ್ 3

ಪಿನ್ನು,

ಬೆಚ್ಚಬೇಡ, ನಿನ್ನಣ್ಣನೇ. ಕಳೆದ ವಾರ ಜೈಲಿನಿಂದ ಬಿಟ್ಟರು. ನಡತೆ ಚೆನ್ನಾಗಿತ್ತೆಂದು ಉಳಿದ ಶಿಕ್ಷೆ ಮನ್ನಾ ಆಯಿತು. ಹದಿಮೂರು ವರ್ಷದಲ್ಲಿ ನಿನಗೆ ಒಂದು ಸಾಲೂ ಬರೆದವನಲ್ಲ, ಈಗ ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಮನೆಗೆ ಬರೆಯಬೇಡ ಎಂದು ಅಮ್ಮ ಹೇಳಿದ್ದಾಳೆ. ಅದಕ್ಕೇ ನೀನು ಕೆಲಸ ಮಾಡುವ ಕನ್ನಡಕದಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಫೋನ್ ಮಾಡಿ ನಿನ್ನ ದನಿ ಕೇಳುವಷ್ಟು ಎದೆಗಾರಿಕೆ ನನಗಿಲ್ಲ.

ನಾನು ಆ ಊರಿಗೆ ಬರುವುದಿಲ್ಲ. ಅಪ್ಪನನ್ನು ಕೊಂದವನು ಎಂದು ಬೀದಿಯವರು ಪಿಸುಗುಟ್ಟಿದರೆ ನನಗೇನೂ ಆಗದು. ನಿನ್ನ ಗಂಡನಿಗೆ, ಮಗಳಿಗೆ ಆ ಮಾತು ಕೇಳುವ ಕರ್ಮ ಯಾಕೆ? ಇಲ್ಲಿ ಬಂದರಿನ ಪಕ್ಕ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೆಲಸ ಸಿಕ್ಕಿದೆ. ಬೆಳಗಾದರೆ ಬೆಟ್ಟದಷ್ಟು ಹಾಸಿಗೆಯ ಚಾದರಗಳು ಕಾಯುತ್ತಿರುತ್ತವೆ. ಮೂಲೆ ಹಿಡಿದು ಒಮ್ಮೆ ಕೊಡವಿದರೆ ಅರ್ಧ ಸುಕ್ಕು ಹೋಗುತ್ತದೆ ಎಂದು ನಮ್ಮ ಲಾಂಡ್ರಿಯಲ್ಲಿ ಅಪ್ಪ ಹೇಳುತ್ತಿದ್ದದ್ದು ಈಗಲೂ ಕೈಗೆ ನೆನಪಿದೆ.

ಹೇಳಬೇಕಾದದ್ದು ಇಷ್ಟೇ. ನೀನು ನಿಶ್ಚಿಂತೆಯಿಂದಿರು. ಆ ಭಾನುವಾರದ ಬಗ್ಗೆ ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಕೋರ್ಟಿನಲ್ಲಿ ನೀನು ನನ್ನ ವಿರುದ್ಧ ಸಾಕ್ಷಿ ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಪಾಪ, ನೀನಾದರೂ ಇನ್ನೇನು ಮಾಡಬಹುದಿತ್ತು?

ನಿನ್ನ ಅಣ್ಣ


ಮಾರ್ಚ್ 19

'ಪ್ರೀತಿಯ ಅಣ್ಣ' ಎಂದು ಬರೆದು ಹೊಡೆದುಹಾಕಿದೆ. ಅಭ್ಯಾಸಬಲದಿಂದ ಬಂದ ಮಾತು ಅದು.

ನಿನ್ನ ಪತ್ರವನ್ನು ಖಾಲಿ ಕನ್ನಡಕದ ಡಬ್ಬಿಗಳ ಕೆಳಗೆ ಬಚ್ಚಿಟ್ಟು, ಗಿರಾಕಿಗಳಿಲ್ಲದಾಗ ತೆಗೆದು ತೆಗೆದು ಓದಿದೆ. 'ಬಾಯಿ ಬಿಟ್ಟಿಲ್ಲ' ಎಂದರೆ ಏನರ್ಥ? ನನ್ನನ್ನು ಹೆದರಿಸುತ್ತಿದ್ದೀಯಾ? ನಾನು ಕಂಡದ್ದನ್ನು ಹೇಳಿದೆ. ಅಪ್ಪ ಲಾಂಡ್ರಿಯ ನೆಲದ ಮೇಲೆ ಬಿದ್ದಿದ್ದರು. ತಲೆ ಒಡೆದಿತ್ತು. ನೀನು ದೊಡ್ಡ ಇಸ್ತ್ರಿ ಪೆಟ್ಟಿಗೆ ಹಿಡಿದು ಅವರ ಪಕ್ಕ ಮಂಡಿಯೂರಿದ್ದೆ. ಪೊಲೀಸರು ಬಂದಾಗ 'ನಾನೇ ಹೊಡೆದೆ' ಎಂದು ನೀನೇ ಒಪ್ಪಿಕೊಂಡೆ. ಇದರಲ್ಲಿ ಬಾಯಿ ಬಿಡುವಂಥದ್ದು ಏನು ಉಳಿದಿದೆ?

ಸಿಟ್ಟಿಲ್ಲವಂತೆ! ಸಿಟ್ಟು ಯಾರಿಗಿರಬೇಕು? ಅಮ್ಮ ನಿನ್ನನ್ನು ನೋಡಲು ತಿಂಗಳು ತಿಂಗಳು ಬಸ್ಸು ಹತ್ತಿ ಬರುತ್ತಿದ್ದಳು. 'ನಾನೂ ಬರ್ಲಾ?' ಎಂದು ಮೊದಮೊದಲು ಕೇಳುತ್ತಿದ್ದೆ. 'ಬೇಡ, ನಿನ್ನ ಮುಖ ನೋಡೋಕೆ ಅವನಿಗೆ ಇಷ್ಟ ಇಲ್ವಂತೆ' ಎನ್ನುತ್ತಿದ್ದಳು. ಅಪ್ಪನ ಜೀವ ತೆಗೆದವನಿಗೆ ನನ್ನ ಮುಖ ಬೇಡವಾಯಿತು. ಆಮೇಲೆ ಕೇಳುವುದನ್ನೇ ಬಿಟ್ಟೆ.

ಒಂದಲ್ಲ ಒಂದು ದಿನ ನೀನು ಬರೆಯುತ್ತೀಯೆಂದು ಗೊತ್ತಿತ್ತು. 'ತಪ್ಪಾಯ್ತು' ಎಂಬ ಒಂದು ಮಾತು ಇರುತ್ತದೆ ಅಂದುಕೊಂಡಿದ್ದೆ. ಎರಡು ಸಲ ಹುಡುಕಿದೆ, ಇಲ್ಲ.

ಇನ್ನು ಬರೆಯಬೇಡ.


ಮಾರ್ಚ್ 27

ಪಿನ್ನು,

ಜಾಣೆ ನೀನು. ಹಾಗೆಯೇ ಬರೆಯಬೇಕು. ಪತ್ರ ಬೇರೆಯವರ ಕೈಗೆ ಸಿಕ್ಕರೂ ಒಂದು ಅಕ್ಷರ ಆಚೀಚೆ ಆಗಬಾರದು. ಓದುವಾಗ ನಿಜವಾಗಿಯೂ ನಾನೇ ಮಾಡಿದೆನೇನೋ ಎಂದು ನನಗೇ ಒಂದು ಗಳಿಗೆ ಅನ್ನಿಸಿಬಿಟ್ಟಿತು.

ಒಂದು ವಿಷಯ ಮಾತ್ರ ಚುಚ್ಚಿತು. ನಿನ್ನ ಮುಖ ನೋಡಲು ಇಷ್ಟವಿಲ್ಲವೆಂದು ನಾನು ಯಾವತ್ತೂ ಅಂದಿಲ್ಲ. ಅಮ್ಮ ಏನೋ ತಪ್ಪು ತಿಳಿದಿರಬೇಕು. ಪ್ರತಿ ಸಲ ಮೊದಲು ಕೇಳುತ್ತಿದ್ದದ್ದೇ 'ಪಿನ್ನು ಬಂದಿದ್ದಾಳಾ?' ಎಂದು. 'ಅವಳು ದಿನಾ ನಿನ್ನ ನೆನೆಸ್ಕೊಂಡು ಅಳ್ತಾಳೆ, ನಾಚಿಕೆಯಿಂದ ಮುಖ ತೋರಿಸ್ಲಾರಳು' ಎನ್ನುತ್ತಿದ್ದಳು ಅಮ್ಮ. ಆ ಮಾತು ಇಟ್ಟುಕೊಂಡು ಮುಂದಿನ ತಿಂಗಳವರೆಗೂ ನಾನು ಆರಾಮಾಗಿ ಇದ್ದುಬಿಡುತ್ತಿದ್ದೆ.

ನಾಚಿಕೆ ಬೇಡ. ಒಂದು ಕ್ಷಣದ ಸಿಟ್ಟು ಅದು, ಯಾರಿಗೆ ಬರುವುದಿಲ್ಲ? ನಾನು ಯಾವತ್ತೋ ಮರೆತೆ, ನೀನೂ ಮರೆತುಬಿಡು. ಮಗಳು ಎಷ್ಟನೇ ಕ್ಲಾಸು? ನಿನ್ನ ಹಾಗೆ ಜಗಳಗಂಟಿಯೋ?

ಅಣ್ಣ


ಏಪ್ರಿಲ್ 2

ಏನು ಹೇಳುತ್ತಿದ್ದೀಯ ನೀನು?

ಯಾರ ಸಿಟ್ಟು? ಯಾರು ಮರೆಯಬೇಕು? ನಾನು ನಿನ್ನನ್ನು ನೆನೆದು ಅತ್ತವಳಲ್ಲ. ಮನೆಯ ಫೋಟೋಗಳಲ್ಲೆಲ್ಲ ನಿನ್ನ ಮುಖ ಕತ್ತರಿಸಿ ಹಾಕಿದವಳು. ಒಂದರಲ್ಲಿ ಅಪ್ಪನ ಹೆಗಲ ಮೇಲೆ ನಿನ್ನ ಕೈ ಇತ್ತು, ಅದನ್ನು ಕತ್ತರಿಸಲು ಆಗದೆ ಹಾಗೇ ಬಿಟ್ಟಿದ್ದೇನೆ. ಅಮ್ಮ ನಿನ್ನ ಸಮಾಧಾನಕ್ಕೆ ಏನೋ ಹೇಳಿರಬಹುದು.

ಒಗಟಿನ ಹಾಗೆ ಬರೆಯಬೇಡ. ನನ್ನ ಪತ್ರ ಓದುವವರು ಯಾರೂ ಇಲ್ಲ. ಏನಿದ್ದರೂ ಬಿಡಿಸಿ ಹೇಳು.


ಏಪ್ರಿಲ್ 10

ಪಿನ್ನು,

ಬರೆಯುವುದೋ ಬೇಡವೋ ಎಂದು ನಾಲ್ಕೈದು ದಿನ ತೊಳಲಾಡಿದೆ. ನೀನೇ ಕೇಳಿದ್ದೀಯ. ಓದಿ ಹರಿದುಹಾಕು.

ಆ ಭಾನುವಾರ ಬೆಳಿಗ್ಗೆ ನಿನಗೂ ಅಪ್ಪನಿಗೂ ದೊಡ್ಡ ರಂಪವಾಗಿತ್ತು. ಕಣ್ಣಿನ ಪರೀಕ್ಷೆ ಮಾಡುವ ತರಬೇತಿಗೆ ಪರ ಊರಿಗೆ ಹೋಗುತ್ತೇನೆಂದು ನೀನು, ಕೌಂಟರಿನಲ್ಲಿ ಕೂರುವವರು ಯಾರು ಎಂದು ಅವರು. 'ನೀವು ಸತ್ತ ಮೇಲೇ ನಾನು ಹೋಗೋದು ಅಂತಾಯ್ತು' ಎಂದು ನೀನು ಕಿರುಚಿದ್ದು ಎದುರು ಮನೆಯವರಿಗೂ ಕೇಳಿಸಿತ್ತು. ನಾನು ಗೆಳೆಯನ ಮನೆಗೆ ಹೋಗಿ ಮಧ್ಯಾಹ್ನ ಹಿತ್ತಿಲ ಬಾಗಿಲಿನಿಂದ ಬಂದೆ. ಅಂಗಡಿಗೆ ರಜೆ, ಷಟರ್ ಎಳೆದಿತ್ತು. ಅಪ್ಪ ಸ್ಟೀಮ್ ಪ್ರೆಸ್ಸಿನ ಪಕ್ಕ ಬಿದ್ದಿದ್ದರು. ಕುತ್ತಿಗೆಯ ಹತ್ತಿರ ಇಸ್ತ್ರಿ ಪೆಟ್ಟಿಗೆ ಇತ್ತು, ಅದನ್ನು ಎತ್ತಿದೆ. ತಲೆ ಎತ್ತಿ ನೋಡಿದರೆ ಮೇಲಿನ ಮನೆಗೆ ಹೋಗುವ ಮೆಟ್ಟಿಲ ಮೇಲೆ ನೀನು. ಎರಡೂ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈ ತೊಳೆದು ಬಂದಿದ್ದೆ.

ನೀನು ಕಿರುಚಿದೆ. ಅಮ್ಮ ಬಂದು ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದಳು. 'ಬೆಳಿಗ್ಗೆಯ ಸಿಟ್ಟು ಇಟ್ಕೊಂಡು ಹೊಡ್ದುಬಿಟ್ಲು ಕಣೋ, ನಾನೇ ಅವಳ ಕೈ ತೊಳೆಸ್ದೆ. ಇನ್ನೂ ಹತ್ತೊಂಬತ್ತು ಅವಳಿಗೆ. ಜೈಲಲ್ಲಿ ಒಂದು ವಾರ ಬದುಕಲ್ಲ. ನೀನು ಗಂಡು, ತಡ್ಕೋತೀಯ' ಎಂದಳು. ನಾನು ಹೂಂ ಅಂದೆ. ಯೋಚಿಸಲಿಲ್ಲ. ಯೋಚಿಸಿದ್ದರೂ ಹೂಂ ಅನ್ನುತ್ತಿದ್ದೆ.

ಅಪ್ಪನನ್ನು ನೀನು ಹೊಡೆದೆ. ಅದನ್ನು ನಾನು ಹೊತ್ತೆ. ಯಾವ ಬೇಸರವೂ ಇಲ್ಲ. ಇಷ್ಟೇ ವಿಷಯ. ಆಯಿತಲ್ಲ?

ಅಣ್ಣ


ಏಪ್ರಿಲ್ 13

ಅಣ್ಣ,

ನಾನಾ? ನಾನು ಅಪ್ಪನನ್ನು?

ಅಂಗಡಿಯಲ್ಲಿ ಒಬ್ಬ ಮುದುಕರ ಕಣ್ಣು ಪರೀಕ್ಷೆ ನಡೆದಿತ್ತು. ಮಧ್ಯೆ ಎದ್ದು ಬಂದು ನಿನ್ನ ಪತ್ರ ಒಡೆದೆ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಅವರು ಒಳಗಿನಿಂದ 'ಅಮ್ಮಾ, ಮೂರನೇ ಸಾಲು ಓದ್ಲಾ, ಬೇಡ್ವಾ?' ಎಂದು ಕೂಗುತ್ತಿದ್ದರು. ಕೊನೆಗೆ ಮಾಲೀಕರೇ ಕುರ್ಚಿ ತಂದು ನನ್ನನ್ನು ಕೂರಿಸಿದರು.

ಕೇಳು. ನನ್ನ ಮಗಳ ಮೇಲಾಣೆ, ನಾನು ಆ ದಿನ ಮಧ್ಯಾಹ್ನ ಕೆಳಗೆ ಬಂದೇ ಇರಲಿಲ್ಲ. ಮೇಲೆ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದೆ. ಅದರ ನೀರು ಅದು! 'ಪಿನ್ನೂ' ಎಂದು ಅಪ್ಪ ಒಂದು ಸಲ ಕೂಗಿದ್ದು ಕೇಳಿಸಿತು. ಬೆಳಿಗ್ಗೆ ಅಷ್ಟು ಬೈದಿದ್ದಾರೆ, ಕೂಗಿಕೊಳ್ಳಲಿ ಎಂದು ಸುಮ್ಮನಿದ್ದೆ. ಕೈ ಒರೆಸುವ ಬಟ್ಟೆ ಸಿಗದೆ ಹುಡುಕುತ್ತ ಮೆಟ್ಟಿಲಿಳಿದಾಗ ನಿನ್ನನ್ನು ಕಂಡೆ.

ಅಮ್ಮ ನನ್ನನ್ನು ಮೇಲೆ ಕರೆದುಕೊಂಡು ಹೋಗಿ, 'ನಿಮ್ಮಣ್ಣ ನನ್ನ ಹತ್ರ ಒಪ್ಕೊಂಡ. ಯಾರೇ ಕೇಳಿದ್ರೂ ನೀನು ಕಂಡದ್ದಷ್ಟೇ ಹೇಳು, ಒಂದು ಮಾತು ಹೆಚ್ಚು ಬೇಡ' ಎಂದಳು.

ಅಣ್ಣ, ನೀನು ಹೊಡೆದಿಲ್ಲವಾ? ಒಂದೇ ಮಾತಿನಲ್ಲಿ ಬರೆ. ಹೊಡೆದಿಲ್ಲವಾ?


ಏಪ್ರಿಲ್ 18

ಇಲ್ಲ.

ಪಿನ್ನು, ಷಟರ್ ಎಳೆದಿತ್ತು. ಹಿತ್ತಿಲ ಗೇಟಿಗೆ ನಾನು ಬಂದಾಗ ಒಳಗಿನಿಂದ ಚಿಲಕ ಹಾಕಿತ್ತು, ಗೋಡೆ ಹಾರಿ ಬಂದೆ. ಹೊರಗಿನವರು ಯಾರೂ ಬಂದಿಲ್ಲ. ಈ ಮೂರು ದಿನದಲ್ಲಿ ಮನಸ್ಸಿನಲ್ಲೇ ನೂರು ಸಲ ಆ ಗೋಡೆ ಹಾರಿದ್ದೇನೆ. ಮನೆಯಲ್ಲಿದ್ದದ್ದು ಅಪ್ಪ, ನೀನು, ಅಮ್ಮ.

ಈ ಸಾಲಿನ ಮುಂದೆ ಬರೆಯಲು ನನ್ನ ಕೈಲಾಗದು. ನಿನಗೂ ಅರ್ಥವಾಗಿರಬೇಕು. ಅವಳ ಹತ್ತಿರ ಏನೂ ಕೇಳಬೇಡ. ಬೇಡವೇ ಬೇಡ. ದಮ್ಮಯ್ಯ ಅನ್ನುತ್ತೇನೆ.


ಜೂನ್ 6

ಅಣ್ಣ,

ಏಪ್ರಿಲ್, ಮೇ ಎರಡೂ ತಿಂಗಳು ಅಮ್ಮ ಬಡಿಸಿದ್ದನ್ನೇ ಉಂಡೆ. ಬೆಳಿಗ್ಗೆ ಅವಳು ಮಗಳಿಗೆ ಜಡೆ ಹಾಕುವಾಗ ಆ ಕೈಗಳನ್ನೇ ನೋಡುತ್ತ ನಿಲ್ಲುತ್ತಿದ್ದೆ. ನೀನು ಬೇಡವೆಂದರೂ ನಿನ್ನೆ ಕೇಳಿಬಿಟ್ಟೆ.

ನನ್ನವರು ಬಸ್ ಡ್ಯೂಟಿಗೆ ಹೋಗಿದ್ದರು, ಮಗಳು ಸ್ಕೂಲಿಗೆ. ಅಮ್ಮ ಕಿಟಕಿಯ ಹತ್ತಿರ ಕೂತು ಅವರ ಖಾಕಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ಅಮ್ಮಾ, ಅಣ್ಣ ಪತ್ರ ಬರ್ದಿದ್ದಾನೆ."

"ಬರೀಬೇಡ ಅಂದಿದ್ದೆ ಅವನಿಗೆ."

"ಅಪ್ಪನ್ನ ನಾನು ಹೊಡ್ದೆ ಅಂತ ಅವನಿಗೆ ಹೇಳಿದ್ದು ನೀನಾ?"

"ಹೂಂ."

"ಅವನು ಹೊಡ್ದ ಅಂತ ನನಗೆ ಹೇಳಿದ್ದು?"

"ಅದೂ ನಾನೇ. ಇನ್ಯಾರಿದ್ರು ಮನೇಲಿ?"

ಅಣ್ಣ, ಅವಳು ಸೂಜಿ ಕೆಳಗಿಡಲಿಲ್ಲ. ಅಳುತ್ತಾಳೆ, ಇಲ್ಲವೆನ್ನುತ್ತಾಳೆ, ನನ್ನ ಕೆನ್ನೆಗೆ ಬಾರಿಸುತ್ತಾಳೆ, ಏನೇನೋ ಅಂದುಕೊಂಡಿದ್ದೆ. ಹಲ್ಲಿನಲ್ಲಿ ದಾರ ಕಚ್ಚಿ ತುಂಡು ಮಾಡಿ, "ಕೂತ್ಕೋ, ನಿಂತ್ಕೊಂಡು ಕೇಳೋ ವಿಷ್ಯ ಅಲ್ಲ" ಎಂದಳು.

"ನೀನು ಹೊಟ್ಟೇಲಿದ್ದಾಗ ಒಬ್ಬ ಗಿರಾಕಿಯ ಕೋಟು ಸುಟ್ಟೆ. 'ಇನ್ನು ನಿನ್ನ ಹತ್ರ ನಂಗೆ ಮಾತಿಲ್ಲ' ಅಂದ್ರು ನಿಮ್ಮಪ್ಪ. ಎರಡು ದಿನ, ನಾಲ್ಕು ದಿನ ಅಂದ್ಕೊಂಡೆ. ನೀನು ಹುಟ್ಟಿದೆ, ನಡೆದೆ, ಶಾಲೆ ಮುಗಿಸ್ದೆ. ಮಾತಾಡ್ಲೇ ಇಲ್ಲ."

ನಮಗೆ ಗೊತ್ತಿದ್ದದ್ದೇ ಅಲ್ಲವಾ ಅಣ್ಣ? 'ನಿಮ್ಮಮ್ಮನಿಗೆ ಹೇಳು, ಊಟಕ್ಕೆ ಉಪ್ಪು ಕಡಿಮೆ.' 'ನಿಮ್ಮಮ್ಮನಿಗೆ ಹೇಳು, ಬಾಗಿಲು ಹಾಕ್ಕೋ.' ಒಂದೇ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂತಿರುತ್ತಿದ್ದರು, ನಡುವೆ ನಾವು ಟಪಾಲು ಸಾಗಿಸುತ್ತಿದ್ದೆವು. ನೀನು ಅಪ್ಪನ ದನಿ ಮಾಡಿ ಹೇಳುತ್ತಿದ್ದೆ, ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಎಲ್ಲರ ಮನೆಯಲ್ಲೂ ಹೀಗೇ ಏನಾದರೊಂದು ತಮಾಷೆ ಇರುತ್ತದೆ ಎಂದುಕೊಂಡಿದ್ದೆ.

"ಆವತ್ತು ಸ್ನಾನ ಮಾಡುವಾಗ ಎದೇಲಿ ಗಂಟು ಕೈಗೆ ಸಿಕ್ತು," ಎಂದಳು. "ಜೀವ ಬಾಯಿಗೆ ಬಂತು. ಕೆಳಗೆ ಹೋಗಿ, 'ರೀ, ಎದೇಲಿ ಗಂಟಾಗಿದೆ, ಡಾಕ್ಟ್ರ ಹತ್ರ ಹೋಗೋಣ' ಅಂದೆ. ಅವರು ಪ್ಯಾಂಟು ಮಡಿಸ್ತಿದ್ರು. ಇನ್ನೊಂದ್ಸಲ ಅಂದೆ. ಮೆಟ್ಟಿಲ ಕಡೆ ಮುಖ ಮಾಡಿ, 'ಪಿನ್ನೂ, ನಿಮ್ಮಮ್ಮ ಏನೋ ಅಂತಿದ್ದಾಳೆ, ಏನಂತ ಕೇಳು ಬಾ' ಅಂತ ಕೂಗಿದ್ರು. ನಾನು ಎದುರಿಗೇ ನಿಂತಿದ್ದೆ ಕಣೇ. ಕೈ ಚಾಚಿದ್ರೆ ಸಿಗೋ ಅಷ್ಟು ಹತ್ರ. ನೀನೂ ಬರ್ಲಿಲ್ಲ. ಅವರು ಬಗ್ಗಿ ಇನ್ನೊಂದು ಪ್ಯಾಂಟು ತಗೊಂಡ್ರು. ಪೆಟ್ಟಿಗೆ ಅಲ್ಲೇ ಇತ್ತು."

ನನಗೆ ಕೇಳಿಸಿದ್ದು 'ಪಿನ್ನೂ' ಎಂಬುದಷ್ಟೇ. ಉಳಿದದ್ದನ್ನು ನಲ್ಲಿಯ ನೀರು ನುಂಗಿತ್ತು.

"ಗಂಟು?" ಎಂದೆ.

"ಏನೂ ಅಲ್ವಂತೆ. ಅದರಷ್ಟಕ್ಕೇ ಕರಗಿ ಹೋಯ್ತು."

"ಅಣ್ಣನ್ನ ಯಾಕಮ್ಮ ಕಳಿಸ್ದೆ? ನೀನೇ ಹೇಳ್ಬಹುದಿತ್ತಲ್ಲ!"

"ಹೇಳೋಣ ಅಂತಲೇ ಕೋಣೆ ಬಾಗಿಲಲ್ಲಿ ನಿಂತಿದ್ದೆ. ಅವನು ಬಂದು ಪೆಟ್ಟಿಗೆ ಎತ್ಕೊಂಡ, ನೀನು ಕಿರುಚ್ದೆ. ನೀವಿಬ್ರೂ ಒಬ್ರನ್ನೊಬ್ರು ನೋಡ್ತಿದ್ರಿ. ನನ್ನ ಕಡೆ ಯಾರೂ ನೋಡ್ಲಿಲ್ಲ. ಆಗ ಹೊಳೀತು. ಅವನು ಹೇಳಿದ ಮಾತು ಕೇಳ್ತಾನೆ. ನೀನು ಕೇಳೋಳಲ್ಲ."

ಆಮೇಲೆ ಅಂಗಿ ಮಡಿಸಿ, "ಮಗು ಬರೋ ಹೊತ್ತಾಯ್ತು" ಎಂದು ಎದ್ದಳು.

ನಾನು ನಿನ್ನ ಮುಖ ಕತ್ತರಿಸಿ ಹಾಕಿದ್ದೆ, ಅಣ್ಣ.

ನಿನ್ನ ತಂಗಿ


ಜೂನ್ 15

ಪಿನ್ನು,

ನಿನ್ನ ಪತ್ರ ಬಂದ ದಿನ ಒಂದು ಮೂಟೆ ಬಿಳಿ ಚಾದರವನ್ನು ಬಣ್ಣದ ಬಟ್ಟೆಯ ಜೊತೆ ಹಾಕಿಬಿಟ್ಟೆ. ಎಲ್ಲ ನಸುಗೆಂಪಾಗಿ ಹೊರಬಂತು. ಮೇಲ್ವಿಚಾರಕಿ ಬಾಯಿಗೆ ಬಂದ ಹಾಗೆ ಬೈದಳು. ಬೈಯುವವರು ಒಬ್ಬರಾದರೂ ಇದ್ದಾರಲ್ಲ ಎಂದು ಹಿತವೇ ಆಯಿತು.

ನಿನಗೆ ಕೋಪ ಬಂದರೂ ಸರಿ, ಒಂದು ಮಾತು ಹೇಳುತ್ತೇನೆ. ಇದರಲ್ಲಿ ಮೊದಲ ತಪ್ಪು ಅಪ್ಪನದು. ಅವರು ನನಗೆ ಪ್ರಾಣ. ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡೇ ಇಸ್ತ್ರಿ ಮಾಡುತ್ತಿದ್ದರು. ಗಿರಾಕಿಗಳನ್ನು, ಬೀದಿ ನಾಯಿಯನ್ನು ಕೂಡ ಮಾತಾಡಿಸುತ್ತಿದ್ದರು. ಒಬ್ಬಳನ್ನು ಬಿಟ್ಟು. ಒಂದು ಸುಟ್ಟ ಕೋಟಿಗೆ ಒಬ್ಬ ಹೆಂಗಸಿನ ಅರ್ಧ ಆಯುಷ್ಯ! ಕೈ ಎತ್ತಿದ್ದು ಅಮ್ಮ ಇರಬಹುದು, ಆದರೆ ಎತ್ತುವವರೆಗೆ ತಳ್ಳಿದವರು ಯಾರು? ನಾವೂ ಏನು ಕಡಿಮೆ? 'ನೀವೇ ಹೇಳಿ ಅಪ್ಪ, ಅಮ್ಮ ಇಲ್ಲೇ ಇದ್ದಾಳಲ್ಲ' ಎಂದು ಇಬ್ಬರಲ್ಲಿ ಒಬ್ಬರು ಒಂದು ದಿನ ಅಂದಿದ್ದರೆ? ನಗುತ್ತ ಸಾಗಿಸಿದೆವು. ನಾನು ಅವಳನ್ನು ಬೈಯಲು ಹೋದಾಗಲೆಲ್ಲ ಅವಳೆದುರು ಅಪ್ಪನ ದನಿ ಮಾಡುತ್ತಿದ್ದ ನನ್ನದೇ ಮುಖ ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು ವಿಷಯ. ಇದನ್ನು ಯಾರಿಗೂ ಹೇಳಲಾರೆ. ಜೈಲಿನಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ. ಪಿನ್ನು ಹೊರಗಿದ್ದಾಳೆ, ತರಬೇತಿ ಮುಗಿಸಿದಳು, ಮದುವೆಯಾಯಿತು, ಮಗು ಬಂತು, ಎಲ್ಲವೂ ನಾನು ಇಲ್ಲಿರುವುದರಿಂದ ಎಂದುಕೊಳ್ಳುತ್ತಿದ್ದೆ. ಈಗ ಹೊರಗೆ ಬಂದು, ಒಳ್ಳೆಯ ಹಾಸಿಗೆಯಲ್ಲಿ ಮಲಗಿ, ಕಣ್ಣು ಮುಚ್ಚಲಾಗುತ್ತಿಲ್ಲ. ನೀನು ತಪ್ಪು ಮಾಡಿರಲಿಲ್ಲ ಎಂದರೆ ನಾನು ಸಂತೋಷಪಡಬೇಕಲ್ಲವಾ? ಆಗುತ್ತಿಲ್ಲ. ಹಾಗಾದರೆ ನಾನು ಯಾರಿಗಾಗಿ ಹೋದೆ?

ಅಣ್ಣ


ಜೂನ್ 22

ಅಣ್ಣ,

ನಿನ್ನ ಔದಾರ್ಯ ನನಗೆ ಬೇಡ. ಅಪ್ಪನದು ತಪ್ಪು, ಒಪ್ಪಿದೆ. ಆದರೆ ಅಪ್ಪನ ತಪ್ಪು ಆ ಏಟಿನೊಂದಿಗೆ ಮುಗಿಯಿತು. ಆಮೇಲಿನದು? ತಿಂಗಳು ತಿಂಗಳು ಒಳ್ಳೆಯ ಬಟ್ಟೆ ಉಟ್ಟು ಬಸ್ಸು ಹತ್ತಿ, ಅಲ್ಲಿ ನಿನಗೊಂದು ಸುಳ್ಳು ಹೇಳಿ, ವಾಪಸು ಬಂದು ನನಗೊಂದು ಸುಳ್ಳು ಹೇಳಿದಳಲ್ಲ, ಅದು ಯಾರು ತಳ್ಳಿದ್ದಕ್ಕೆ? ಅದು ಕ್ಷಣದ ಸಿಟ್ಟಲ್ಲ. ಇನ್ನು ನಮ್ಮ ಪಾಲಿನ ಮಾತು. ನಾವು ಮಕ್ಕಳಾಗಿದ್ದೆವು. ನಿನ್ನ ಪಾಲು ನೀನು ಬೇಕಾದರೆ ಇಟ್ಟುಕೋ, ನನ್ನ ತಲೆಗೆ ಕಟ್ಟಬೇಡ.

ಇದನ್ನೇ ಅವಳಿಗೂ ಹೇಳಿದೆ. 'ಪೊಲೀಸರ ಹತ್ರ ಹೋಗಿ ಹೇಳು' ಎಂದು ಕೂಗಾಡಿದೆ. ಮಾರನೆಯ ದಿನ ಬೆಳಿಗ್ಗೆ ತಲೆ ಬಾಚಿ, ಜೈಲಿಗೆ ಬರುವಾಗ ಉಡುತ್ತಿದ್ದದ್ದನ್ನೇ ಉಟ್ಟು, ಬಾಗಿಲಲ್ಲಿ ನಿಂತಿದ್ದಳು. 'ನಡಿ' ಎಂದಳು.

ಸ್ಟೇಷನ್ನಿನಲ್ಲಿ ಒಬ್ಬ ಸಣ್ಣ ವಯಸ್ಸಿನ ಅಧಿಕಾರಿ. ಎಲ್ಲ ಕೇಳಿದರು. ಒಳಗಿನಿಂದ ಒಬ್ಬರನ್ನು ಕರೆದು ಏನೋ ವಿಚಾರಿಸಿದರು. ಆಮೇಲೆ ಅಮ್ಮನಿಗೆ ಒಂದು ಲೋಟ ನೀರು ತರಿಸಿಕೊಟ್ಟು, "ಅಮ್ಮಾ, ಆ ಕೇಸು ಮುಗಿದು ಎಷ್ಟೋ ಕಾಲ ಆಯ್ತು. ನಿಮ್ಮ ಮಗ ಶಿಕ್ಷೆ ಮುಗಿಸಿ ಹೊರಗೆ ಬಂದಿದ್ದಾನೆ. ಅವನ ಹೆಸರಿನ ಮೇಲಿನ ಮಸಿ ಒರೆಸ್ಬೇಕು ಅಂತ ಹೆತ್ತವರು ಹೀಗೆ ಬಂದು ಕೂರೋದು ನಮಗೇನು ಹೊಸದಲ್ಲ" ಎಂದರು.

"ಇಲ್ಲ ಸಾರ್, ನಾನೇ ಹೊಡ್ದೆ," ಎಂದಳು ಅಮ್ಮ. "ಈ ಕೈಯಲ್ಲೇ."

"ಆಯ್ತಮ್ಮ," ಎಂದು ಅವರು ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಮನೆಗೆ ಕರ್ಕೊಂಡು ಹೋಗಿ. ಬೈಬೇಡಿ ಪಾಪ. ವಯಸ್ಸಾಯ್ತು."

ನಾನು ಬಾಯಿ ತೆರೆದೆ. 'ಇಲ್ಲ ಸಾರ್, ಇವಳು ಹೇಳುತ್ತಿರುವುದು ನಿಜ' ಎನ್ನಬೇಕಿತ್ತು. ಅನ್ನಲು ಬಂದವಳೇ ನಾನು. ಬದಲಿಗೆ ಅಮ್ಮನ ತೋಳು ಹಿಡಿದು ಎಬ್ಬಿಸಿದೆ ಅಣ್ಣ. ಯಾಕೆಂದು ನನಗೂ ಗೊತ್ತಿಲ್ಲ. ಹೊರಗೆ ಬಂದು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಾಗ ಅವಳು ಮೊದಲ ಸಲ ಅತ್ತಳು. "ಅವರೂ ನನ್ನ ಮಾತು ಕೇಳಿಸ್ಕೊಳ್ಲಿಲ್ಲ" ಎಂದಳು.

ಅಷ್ಟರಲ್ಲೇ ಮುಗಿಯಲಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮಗಳನ್ನು ಕರೆದು, 'ಅಜ್ಜಿಗೆ ಹೇಳು, ತಟ್ಟೆ ಹಾಕಿದೆ ಅಂತ' ಎಂದುಬಿಟ್ಟೆ. ಅಮ್ಮ ನನ್ನ ಎದುರಿಗೇ ಕೂತಿದ್ದಳು. ಮಗಳು ನಗುತ್ತ ಅವಳತ್ತ ತಿರುಗಿ ನನ್ನ ದನಿಯಲ್ಲೇ ಹೇಳಿದಳು. ನನ್ನ ಕೈಯಲ್ಲಿದ್ದ ಸೌಟು ಜಾರಿ ನೆಲಕ್ಕೆ ಬಿತ್ತು. ಅಮ್ಮ ತಲೆ ತಗ್ಗಿಸಿ ಉಣ್ಣತೊಡಗಿದಳು.

ನನ್ನ ಮೇಲೆ ನನಗೇ ಭಯವಾಗುತ್ತಿದೆ. ಏನು ಮಾಡಲಿ?

ತಂಗಿ


ಜೂನ್ 27

ಪಿನ್ನು,

ಮೊದಲು ಒಂದು ಕೆಲಸ ಮಾಡು. ಈ ಪತ್ರ ಓದಿದ ತಕ್ಷಣ ಮನೆಗೆ ಹೋಗಿ ಅವಳ ಎದುರು ನಿಂತು ಮಾತಾಡು. ಬೈಯಿ, ಶಪಿಸು, ಏನು ಬೇಕಾದರೂ ಅನ್ನು, ಮುಖ ನೋಡಿ ಅನ್ನು. ಮಗುವನ್ನು ನಡುವೆ ತರಬೇಡ.

ಯಾರ ತಪ್ಪು ಎಷ್ಟು ಎಂದು ನೀನೂ ನಾನೂ ಬರೆಯುತ್ತ ಹೋದರೆ ಈ ಜನ್ಮಕ್ಕೆ ಮುಗಿಯುವುದಿಲ್ಲ. ನೀನು ಹೇಳಿದ್ದು ಸರಿ, ಆ ಸುಳ್ಳುಗಳನ್ನು ನಾನೂ ಹೊಟ್ಟೆಗೆ ಹಾಕಿಕೊಳ್ಳಲಾರೆ. ಅಪ್ಪನ ವಿಷಯದಲ್ಲಿ ನಾನು ಹೇಳಿದ್ದೂ ಸುಳ್ಳಲ್ಲ.

ಶನಿವಾರಕ್ಕೆ ರಜೆ ಕೇಳಿದ್ದೇನೆ. ಮೇಲ್ವಿಚಾರಕಿ 'ಯಾಕೆ?' ಎಂದಳು, 'ತಂಗಿಯನ್ನು ನೋಡಬೇಕು' ಎಂದೆ. ಬೀದಿಯವರು ಏನು ಬೇಕಾದರೂ ಅಂದುಕೊಳ್ಳಲಿ, ಬರುತ್ತೇನೆ. ಅಮ್ಮನ ಎದುರು ನಿಂತಾಗ ಕೂಗಾಡುತ್ತೇನೋ, ಕೂತು ಅತ್ತುಬಿಡುತ್ತೇನೋ ನನಗೇ ಗೊತ್ತಿಲ್ಲ. ಅದಕ್ಕೇ ಮನೆಗಲ್ಲ, ಮೊದಲು ನಿನ್ನ ಅಂಗಡಿಗೆ ಬರುತ್ತೇನೆ.

ಹದಿಮೂರು ವರ್ಷ ಕಣ್ಣು ಮುಚ್ಚಿದಾಗಲೆಲ್ಲ ಕಂಡದ್ದು ಕೊಲೆ ಮಾಡಿ ಕೈ ತೊಳೆದು ಬಂದ ಹುಡುಗಿಯ ಮುಖ. ಅದನ್ನೇ ಪ್ರೀತಿಸಿದೆ, ಅದನ್ನೇ ಕಾಪಾಡಿದೆ. ಏನೂ ಮಾಡದ ನನ್ನ ತಂಗಿಯ ಮುಖ ಹೇಗಿದೆಯೋ, ನಾನು ಇನ್ನೂ ನೋಡಿಲ್ಲ.

ಅಣ್ಣ